ಶಿಸ್ತಿನ ಶಾಲೆಯಲ್ಲಿ ಮಗುವಿನ ಮನಸ್ಸು

ಕಾನ್ವೆಂಟ್ ಶಾಲೆಯೇ ಯಾಕೆ ಬೇಕು ಎಂದು ಬೆಳಗಾವಿಯ ಪಾಲಕರನ್ನು ಕೇಳಿ ನೋಡಿ. ಸಿಗುವ ಉತ್ತರ ಎರಡೇ: ಇಂಗ್ಲಿಷ್ ಮತ್ತು ಶಿಸ್ತು. ಮಗು ಅಲ್ಲಿ ನೆಮ್ಮದಿಯಿಂದ ಇರುತ್ತದೆ ಅನ್ನುವವರು ಕಡಿಮೆ. ಕ್ಯಾಂಪಿನ ಸೇಂಟ್ ಪಾಲ್ಸ್ ಶಾಲೆ 1856ರದ್ದು. ಆಮೇಲೆ ಫಾದರುಗಳೂ ಸಿಸ್ಟರುಗಳೂ ನಗರದಲ್ಲಿ, ಖಾನಾಪುರದ ಕಡೆಗೆ, ಒಂದೊಂದಾಗಿ ಶಾಲೆ ಕಟ್ಟುತ್ತ ಬಂದರು. ಮರಾಠಿ, ಕನ್ನಡ, ಕೊಂಕಣಿ, ಉರ್ದು ಮಾತಾಡುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಓದುವುದು ಈ ಗಡಿಸೀಮೆಯಲ್ಲಿ ರೂಢಿಯಾದದ್ದರಲ್ಲಿ ಈ ಶಾಲೆಗಳ ಪಾಲು ದೊಡ್ಡದು. ಆ ಋಣವನ್ನು ನೆನೆದೇ ಹೇಳುತ್ತೇನೆ: ಇಲ್ಲಿನ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ನಾನು ಕಂಡಂತೆ, ಮಗುವಿನ ಮನಸ್ಸನ್ನು ನೋಡಿಕೊಳ್ಳುವ ರೀತಿ ಆ ಶಾಲೆಗಳ ಸ್ವಂತ ಪರಂಪರೆಯ ಮಟ್ಟಕ್ಕೆ ಇನ್ನೂ ಬಂದಿಲ್ಲ. ಕಾನೂನು ಕೇಳುವುದಕ್ಕಿಂತ ಆ ಪರಂಪರೆ ಕೇಳುವುದೇ ಹೆಚ್ಚು. ಹಾಗಾಗಿ ಇಲ್ಲಿ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಮೊದಲು ಕಾನೂನಿನ ಮಾತು. 2025ರ ಜುಲೈ 25ರಂದು ಸುಕದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆ ಹೊರಗಿನ ತಜ್ಞರ ಜೊತೆ ಖಚಿತವಾದ ಏರ್ಪಾಟು ಮಾಡಿಕೊಳ್ಳಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಬಾರದು, ನಾಲ್ಕು ಜನರ ಮುಂದೆ ಅವಮಾನಿಸಬಾರದು. ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು. ಟೆಲಿ ಮಾನಸ್‌ನಂಥ ಸಹಾಯವಾಣಿಗಳ ನಂಬರು ಎಲ್ಲರಿಗೂ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಸಂಸ್ಥೆಗಳಿಗೂ ಇವು ಅನ್ವಯಿಸುತ್ತವೆ.

ಒಳ್ಳೆಯದೇ. ಆದರೆ ಈ ಮಾರ್ಗಸೂಚಿಗಳು ಹುಟ್ಟಿದ್ದು ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಸೇರಿದ್ದ ಹದಿನೇಳು ವರ್ಷದ ಹುಡುಗಿಯ ಸಾವಿನಿಂದ. ಅವುಗಳ ಕಣ್ಣ ಮುಂದಿರುವುದು ಹಾಸ್ಟೆಲ್ಲು, ಪರೀಕ್ಷೆ, ಆತ್ಮಹತ್ಯೆ. ಏಳು ವರ್ಷದ ಮಗುವಿನ ಸಂಕಟ ಬೇರೆ ವೇಷದಲ್ಲಿ ಬರುತ್ತದೆ. ಸೋಮವಾರ ಬೆಳಿಗ್ಗೆ ‘ಹೊಟ್ಟಿ ಕಡ್ಯಾಕತ್ತೈತ್ರಿ, ಟೀಚರ್’ ಅನ್ನುವ ಮಗು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮತ್ತೆ ಶುರುವಾದ ಮಗು, ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡ ಮಗು, ಎಲ್ಲರಿಗಿಂತ ಮೆತ್ತಗೆ ಕೂತಿರುವ ಕಾರಣಕ್ಕೇ ‘ಗುಡ್ ಗರ್ಲ್’ ಅನ್ನಿಸಿಕೊಂಡ ಮಗು. ಇವರಲ್ಲಿ ಯಾರೂ ಟೆಲಿ ಮಾನಸ್‌ನ 14416ಕ್ಕೆ ಫೋನು ಹಚ್ಚುವುದಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹದಿಮೂರರಿಂದ ಹದಿನೇಳು ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಅದಕ್ಕಿಂತ ಚಿಕ್ಕವರು ಆ ಲೆಕ್ಕದಲ್ಲೇ ಇರಲಿಲ್ಲ. ಪ್ರಾಥಮಿಕ ಶಾಲೆಯ ಮಗುವನ್ನು ಕಾನೂನೂ ಅಂಕಿಸಂಖ್ಯೆಯೂ ಹೀಗೆ ದಾಟಿ ಹೋಗುವಾಗ, ಆ ವಯಸ್ಸಿನ ಮಕ್ಕಳನ್ನು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹತ್ತಿರದಿಂದ ಕಂಡ ಸಂಸ್ಥೆಯೊಂದು ದಾರಿ ತೋರಬೇಕಿತ್ತು.

ತೋರುವ ಶಕ್ತಿ ಅದಕ್ಕಿದೆ. ಇಟಲಿಯ ಪಾದ್ರಿ ಡಾನ್ ಬಾಸ್ಕೊ ಟ್ಯೂರಿನ್ ನಗರದ ಜೈಲುಗಳಲ್ಲಿ ಎಳೆಯ ಹುಡುಗರನ್ನು ಕಂಡು, ತಪ್ಪು ಮಾಡಿದ ಮೇಲೆ ದಂಡಿಸುವುದಕ್ಕಿಂತ ತಪ್ಪಿನ ತನಕ ಹೋಗದಂತೆ ಜೊತೆಗಿರುವುದೇ ಶಿಕ್ಷಣ ಎಂಬ ನಿಲುವಿಗೆ ಬಂದವರು. 1877ರಲ್ಲಿ ಅದನ್ನು ಬರೆದಿಟ್ಟರು. ಅವರ ಪದ್ಧತಿಯಲ್ಲಿ ಗುರು ಇರಬೇಕಾದ ಜಾಗ ಆಟದ ಬಯಲು, ಮಕ್ಕಳ ನಡುವೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ತಿಳಿಯಬೇಕು ಎಂಬುದು ಅವರ ಹಟ. ಜೆಸ್ವಿಟರ ಮೂಲಪುರುಷ ಇಗ್ನೇಷಿಯಸ್ ಲೊಯೋಲಾ ಕೊಟ್ಟದ್ದು ಇನ್ನೊಂದು ಬಗೆಯದು. ದಿನದ ಕೊನೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಇಂದು ಯಾವುದು ಮನಸ್ಸನ್ನು ಅರಳಿಸಿತು, ಯಾವುದು ಕುಗ್ಗಿಸಿತು ಎಂದು ತಿರುಗಿ ನೋಡುವ ಅಭ್ಯಾಸ. ಇದನ್ನು ಹಿಂದೂ, ಮುಸ್ಲಿಂ, ಜೈನ ಮನೆಯ ಮಗುವೂ ಯಾವ ಮುಜುಗರವಿಲ್ಲದೆ ಮಾಡಬಹುದು. ಇಂದು ಮಕ್ಕಳ ಮನೋವಿಜ್ಞಾನದವರು ಭಾವನೆಗಳನ್ನು ಗುರುತಿಸಲು ಕಲಿಸಿ ಎಂದು ಹೇಳುವುದಕ್ಕೆ ಇದು ಬಹಳ ಹತ್ತಿರದ್ದು. ಐದು ನಿಮಿಷದ ಕೆಲಸ. ಖರ್ಚು ಏನೂ ಇಲ್ಲ.

ಆದರೆ ತರಗತಿಯಲ್ಲಿ ಇದರ ಬದಲು ಸಿಗುವುದು ಮಾರಲ್ ಸೈನ್ಸ್ ಪೀರಿಯಡ್. ಕ್ಯಾಥೊಲಿಕ್ ಮಕ್ಕಳು ದೊತೊರ್ನ್‌ಗೆ, ಅಂದರೆ ಧರ್ಮೋಪದೇಶದ ಪಾಠಕ್ಕೆ, ಹೋದಾಗ ಉಳಿದವರಿಗೆ ಅದು. ಕೆಲವು ಕಡೆ ಎಲ್ಲರಿಗೂ. ಮೂರನೇ ಇಯತ್ತೆಯ ಹುಡುಗನೊಬ್ಬನ ಮಾರಲ್ ಸೈನ್ಸ್ ನೋಟ್‌ಬುಕ್ ನನ್ನ ಕೈಗೆ ಬಂದಿತ್ತು. ಸಿಟ್ಟು ಬಂದಾಗ ನೀನು ಏನು ಮಾಡಬೇಕು ಎಂಬ ಪ್ರಶ್ನೆ. ಉತ್ತರವನ್ನು ಟೀಚರ್ ಹೇಳಿ ಬರೆಸಿದ್ದಾರೆ: ಸಿಟ್ಟು ಮಾಡಿಕೊಳ್ಳಬಾರದು, ದೇವರನ್ನು ಪ್ರಾರ್ಥಿಸಬೇಕು, ಸಾರಿ ಹೇಳಬೇಕು. ದುಂಡು ಅಕ್ಷರ, ಕೆಂಪು ಪೆನ್ನಿನ ರೈಟ್ ಗುರುತು. ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ದೊಡ್ಡದೊಂದು ನಾಯಿ. ಅದರ ಬಾಯಲ್ಲಿ ಒಂದು ಕಾಲು, ಕಾಲಿನ ಮೇಲೆ ಅದೇ ಕ್ಲಾಸಿನ ಇನ್ನೊಬ್ಬ ಹುಡುಗನ ಹೆಸರು. ನಾಯಿಯ ಹಲ್ಲುಗಳನ್ನು ಪೆನ್ಸಿಲು ಒತ್ತಿ ಒತ್ತಿ ಬರೆದದ್ದಕ್ಕೆ ಹಾಳೆ ಹರಿದಿತ್ತು. ಅದರ ಕೆಳಗೂ ಕೆಂಪು ಪೆನ್ನು: ಹಾಳೆ ವೇಸ್ಟ್ ಮಾಡಬೇಡ.

ಆ ಟೀಚರ್ ಕೆಟ್ಟವರಲ್ಲ. ಐವತ್ತರ ಹತ್ತಿರ ಮಕ್ಕಳಿರುವ ಕ್ಲಾಸಿನಲ್ಲಿ ತಿದ್ದುವ ನೋಟ್‌ಬುಕ್ಕುಗಳ ರಾಶಿಯೇ ಅವರ ದಿನವನ್ನು ತಿಂದುಹಾಕುತ್ತದೆ. ದೋಷ ಇರುವುದು ಪಾಠದ ಕಟ್ಟಡದಲ್ಲೇ. ಸಿಟ್ಟು, ಹೊಟ್ಟೆಕಿಚ್ಚು, ಹೆದರಿಕೆ ಇವನ್ನೆಲ್ಲ ಅವಗುಣಗಳ ಪಟ್ಟಿಗೆ ಸೇರಿಸಿಬಿಟ್ಟರೆ ಮಗು ಅವುಗಳನ್ನು ಬಿಡುವುದಿಲ್ಲ, ಮುಚ್ಚಿಡುತ್ತದೆ. ಸಾರಿ ಹೇಳುವುದನ್ನು ಬೇಗ ಕಲಿಯುತ್ತದೆ. ಯಾಕೆ ಸಿಟ್ಟು ಬಂತು ಎಂದು ಹೇಳಲು ಅದಕ್ಕೆ ಜಾಗವೇ ಸಿಗುವುದಿಲ್ಲ. ಪ್ರಾರ್ಥನೆಯನ್ನೇ ಪರಿಹಾರವಾಗಿ ಬರೆಸುವುದರಲ್ಲಿ ಇನ್ನೊಂದು ತೊಡಕಿದೆ. 2024ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯೇ ತನ್ನ ಶಾಲೆಗಳಿಗೆ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಎಂದು ಮಾರ್ಗಸೂಚಿ ಕಳಿಸಿತು. ಬೆಳಗಿನ ಸಭೆಗೆ ಬಂದ ಈ ಎಚ್ಚರ ಮಾರಲ್ ಸೈನ್ಸಿನ ನೋಟ್‌ಬುಕ್ಕಿಗೂ ಇಳಿಯಬೇಕು.

ಇನ್ನು ಕೌನ್ಸೆಲಿಂಗ್. ನಗರದ ದೊಡ್ಡ ಶಾಲೆಗಳು ಒಬ್ಬರನ್ನು ನೇಮಿಸಬಲ್ಲವು. ಸಣ್ಣ ಶಾಲೆಗಳಲ್ಲಿ ಆ ಕೆಲಸ ಬೀಳುವುದು ಒಬ್ಬ ಸಿಸ್ಟರ್ ಮೇಲೆ. ಅವರಲ್ಲಿ ಮಕ್ಕಳ ಮೇಲೆ ನಿಜವಾದ ಅಕ್ಕರೆ ಇರುವವರನ್ನು ನಾನು ಕಂಡಿದ್ದೇನೆ. ಮಗುವಿನ ಮನೆಯ ಕಷ್ಟ ತಿಳಿದು ಸದ್ದಿಲ್ಲದೆ ಫೀ ಕಡಿಮೆ ಮಾಡಿಸಿದವರಿದ್ದಾರೆ. ಆದರೂ ಫೀ ಬಾಕಿಯ ಪಟ್ಟಿ ಹಿಡಿದವರು, ಟಿಸಿಗೆ ಸಹಿ ಹಾಕುವವರು, ಪಾಲಕರನ್ನು ಕರೆಸುವವರು ಅವರೇ ಆಗಿರುವಾಗ ಮಗು ಯಾರ ಮುಂದೆ ಬಾಯಿ ಬಿಡಬೇಕು? ಅಪ್ಪ ಕುಡಿದು ಬಂದು ಹೊಡೆಯುತ್ತಾನೆ ಅನ್ನುವ ಮಾತು ಅಪ್ಪನನ್ನು ಕರೆಸುವ ಅಧಿಕಾರವಿರುವವರ ಎದುರು ಹೊರಬರುವುದು ಕಷ್ಟ. ಗುಟ್ಟು ಕಾಯುವ ವಿಷಯದಲ್ಲೂ ಎಚ್ಚರ ಬೇಕು. ತಪ್ಪೊಪ್ಪಿಗೆಯ ಗುಟ್ಟನ್ನು ಪಾದ್ರಿ ಎಂದೂ ಹೊರಹಾಕುವಂತಿಲ್ಲ ಎಂಬ ನಿಯಮದಲ್ಲಿ ಬೆಳೆದವರಿಂದ 2012ರ ಪೋಕ್ಸೊ ಕಾಯ್ದೆ ಅದಕ್ಕೆ ತದ್ವಿರುದ್ಧವಾದದ್ದನ್ನು ಕೇಳುತ್ತದೆ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು, ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಒಳಗೊಳಗೆ ಮುಗಿಸುವಂತಿಲ್ಲ. ಕೌನ್ಸೆಲಿಂಗ್ ಮಾಡುವ ಸಿಸ್ಟರಿಗೆ ಆಡಳಿತದ ಕೆಲಸ ಇರಬಾರದು. ಇದಕ್ಕೆ ದುಡ್ಡು ಬೇಕಿಲ್ಲ, ಮನಸ್ಸು ಮಾಡಿದರೆ ನಾಳೆಯೇ ಆಗುತ್ತದೆ.

ಬೆಳಗಾವಿಯಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಅಲ್ಲಿಂದಾಚೆ ತಾಲ್ಲೂಕು ಘಟ್ಟದ ತನಕ ಹಬ್ಬಿದೆ: ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಕಾಡು. ಮನೆಮಾತು ಹೆಚ್ಚಾಗಿ ಮರಾಠಿ, ದುಡಿಯಲು ಗೋವಾಕ್ಕೆ ಹೋದ ಅಪ್ಪಂದಿರು ಬಹಳ. ಮಳೆಗಾಲದಲ್ಲಿ ಇಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅದೇ ವಿಶೇಷ. ಆದರೆ ಶಾಲೆಯ ಗೇಟಿನ ನಿಯಮ ಮಳೆಗಾಲಕ್ಕೂ ಬೇಸಿಗೆಗೂ ಒಂದೇ. ತಡವಾಗಿ ಬಂದ ಮಕ್ಕಳು ಪ್ರಾರ್ಥನೆ ಮುಗಿಯುವ ತನಕ ಬೇರೆ ಸಾಲಿನಲ್ಲಿ ನಿಲ್ಲಬೇಕು. ಸಾಕ್ಸು ತೊಯ್ದು ಬೂಟಿನೊಳಗೆ ನೀರು ಪಚಪಚ ಅನ್ನುತ್ತಿರುವಾಗ, ತನ್ನದಲ್ಲದ ತಪ್ಪಿಗೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತ ಆರು ವರ್ಷದ ಮಗುವಿಗೆ ಆಮೇಲೆ ಪ್ರೀತಿಯ ಬಗ್ಗೆ ಯಾವ ಪಾಠ ಹೇಳಿದರೂ ಅದು ನಾಟುವುದಿಲ್ಲ. ಆ ಸಾಲನ್ನು ತೆಗೆದು, ಒಣ ಟವೆಲ್ಲು ಹಿಡಿದ ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸುವುದು ಸಾವಿರ ಪೋಸ್ಟರಿಗಿಂತ ದೊಡ್ಡ ಕೆಲಸ.

ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಅಥವಾ ಹೆಸರು ಬರೆಸುವ ಪದ್ಧತಿಯನ್ನು ನಾನು ಒಂದಿಷ್ಟೂ ಒಪ್ಪುವುದಿಲ್ಲ. ಇಂಗ್ಲಿಷ್ ಕಲಿಸುವುದಕ್ಕೆ ಬೇರೆ ನೂರು ದಾರಿಗಳಿವೆ. ಬಿದ್ದ ಮಗು ‘ಆಯೀ’ ಎಂದೋ ‘ಅವ್ವಾ’ ಎಂದೋ ಅಳುವುದಕ್ಕೂ ಹಿಂದೆಮುಂದೆ ನೋಡುವ ಶಾಲೆಯಲ್ಲಿ ಯಾವ ಆಪ್ತಸಮಾಲೋಚಕರೂ ಏನೂ ಮಾಡಲಾರರು. ಖಾನಾಪುರದಂಥ ಕಡೆ ಆಪ್ತಸಮಾಲೋಚಕರ ಮೊದಲ ಅರ್ಹತೆಯೇ ಮಗುವಿನ ಮನೆಮಾತು ಬರುವುದು. ಮಾತೇ ಬರದ ಸಂಕಟಕ್ಕೆ ಖಾನಾಪುರದಲ್ಲಿ ಒಳ್ಳೆಯದೊಂದು ಸಾಧನವೂ ಇದೆ: ಮಣ್ಣು. ಹಂಚಿಗೂ ಕುಂಬಾರಿಕೆಗೂ ಹೆಸರಾದ ಊರು ಅದು, ಕುಂಬಾರಿಕೆ ಕಲಿಸುವ ಸಂಸ್ಥೆಯೇ ಅಲ್ಲಿದೆ. ಹೇಳಲಾಗದ್ದನ್ನು ಮಕ್ಕಳು ಕೈಯಿಂದ ಮಾಡಿ ತೋರಿಸುತ್ತಾರೆಂಬುದು ಆಟದ ಮೂಲಕ ಚಿಕಿತ್ಸೆ ಮಾಡುವವರೆಲ್ಲರ ಅನುಭವ. ಆ ಹುಡುಗನ ನಾಯಿಗೆ ನೋಟ್‌ಬುಕ್ಕಿನ ಕೊನೆಯ ಹಾಳೆಗಿಂತ ಒಂದು ಮುದ್ದೆ ಮಣ್ಣು ಎಷ್ಟೋ ಒಳ್ಳೆಯ ಜಾಗವಾಗುತ್ತಿತ್ತು.

ಶಿಕ್ಷೆಯ ಪ್ರಶ್ನೆಯಲ್ಲಿ ಈ ಶಾಲೆಗಳ ನೈತಿಕ ಹೊಣೆ ಬೇರೆಯವರಿಗಿಂತ ಹೆಚ್ಚು. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಇಡೀ ಕಾಯ್ದೆಯೇ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪನ್ನು ಮರುಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಕ್ರೌರ್ಯವನ್ನು ದಂಡಿಸುತ್ತದೆ ನಿಜ, ಆದರೆ ಬೆಂಚಿನ ಮೇಲೆ ನಿಲ್ಲಿಸುವ, ಅಂಕ ಓದಿ ಹಂಗಿಸುವ ನಿತ್ಯದ ಅವಮಾನ ಅಲ್ಲಿಯ ತನಕ ಹೋಗುವುದು ಅಪರೂಪ. ಅಲ್ಪಸಂಖ್ಯಾತರಿಗೆ ಸಿಕ್ಕ ಆಡಳಿತದ ಸ್ವಾತಂತ್ರ್ಯ ನ್ಯಾಯವಾದದ್ದು, ಉಳಿಯಬೇಕಾದದ್ದು. ಅದನ್ನು ಉಳಿಸಿಕೊಳ್ಳುವ ಘನವಾದ ರೀತಿಯೆಂದರೆ, ಕಾಯ್ದೆ ಕಟ್ಟಿಹಾಕದಿದ್ದರೂ ನಮ್ಮಲ್ಲಿ ಯಾವ ಮಗುವಿಗೂ ಪೆಟ್ಟಿಲ್ಲ, ಅವಮಾನವಿಲ್ಲ ಎಂದು ತಾವೇ ಬರೆದು ಗೇಟಿಗೆ ಹಾಕುವುದು. ಡಾನ್ ಬಾಸ್ಕೊ ಹೆಸರು ಹೇಳುವವರಿಗೆ ಇದು ಕಷ್ಟವಾಗಬಾರದು. ಪಾಲಕರಿಂದ ವಿರೋಧ ಬರಬಹುದು. ‘ಹೊಡದ್ರೂ ಅಡ್ಡಿಲ್ರಿ, ಓದಿದ್ರ ಸಾಕು’ ಅನ್ನುವ ಅಪ್ಪಂದಿರು ಪಾಲಕರ ಸಭೆಯಲ್ಲಿ ಇನ್ನೂ ಸಿಗುತ್ತಾರೆ. ಅವರಿಗೆ ತಿಳಿಸಿ ಹೇಳುವ ಅಧಿಕಾರ ಈ ಊರಿನಲ್ಲಿ ಫಾದರ್ ಮತ್ತು ಸಿಸ್ಟರುಗಳಿಗೆ ಇದ್ದಷ್ಟು ಬೇರೆ ಯಾರಿಗೂ ಇಲ್ಲ.

ದುಡ್ಡಿನ ಅಡಚಣೆ ನಿಜವೇ. ಖಾನಾಪುರದ ಸಣ್ಣ ಶಾಲೆಯೊಂದು ತಾನೊಂದೇ ಪೂರ್ಣಾವಧಿಯ ಆಪ್ತಸಮಾಲೋಚಕರ ಸಂಬಳ ಕೊಡಲಾರದು. 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಪ್ರಾಂತ ತನ್ನ ಶಾಲೆಗಳಿಗೆಲ್ಲ ಸೇರಿ ಮೂರು ನಾಲ್ಕು ಜನರನ್ನು ನೇಮಿಸಿ, ವಾರಕ್ಕೊಂದು ದಿನ ಒಂದೊಂದು ಕಡೆ ಕಳಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದ ಮಗುವಿಗೆ ಬೆಳಗಾವಿಯಲ್ಲಿ ಬಿಮ್ಸ್ ಆಸ್ಪತ್ರೆ ಇದೆ, ಕೆಎಲ್ಇ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆಂದು ರಾಜ್ಯ ಸರ್ಕಾರ ರೂಪಿಸಿದ ಮನೋಚೈತನ್ಯ ಎಂಬ ಮಂಗಳವಾರದ ಕ್ಲಿನಿಕ್ಕಿನ ಯೋಜನೆಯಿದೆ. ಯಾವ ಮಗುವನ್ನು, ಯಾರು, ಯಾವಾಗ ಅಲ್ಲಿಗೆ ಕರೆದೊಯ್ಯಬೇಕು ಎಂದು ಶಾಲೆಯ ಗೋಡೆಯ ಮೇಲೆ ಬರೆದಿರಬೇಕು.

ಕೋರ್ಟ್ ಹೇಳಿದ ವರ್ಷಕ್ಕೆ ಎರಡು ತರಬೇತಿಯ ಮಾತು ಬಂದಾಗಲೆಲ್ಲ ಕರೆ ಹೋಗುವುದು ಟೀಚರುಗಳಿಗೆ. ಬಿಇಡಿ ಮಾಡದ, ಸಂಬಳ ಎಲ್ಲರಿಗಿಂತ ಕಡಿಮೆ ಇರುವ, ಆಯಾ ಕೆಲಸ ಮಾಡುವ ಮೌಶಿಯ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಕೆಜಿಯಿಂದ ನಾಲ್ಕನೇ ಇಯತ್ತೆಯ ತನಕ, ಚಡ್ಡಿ ಒದ್ದೆಯಾದ ಮಗು ಮೊದಲು ಓಡುವುದು ಅವರ ಹತ್ತಿರ. ಟಾಯ್ಲೆಟ್ಟಿನ ಬಾಗಿಲ ಹಿಂದೆ ಕೂತು ಅಳುವ ಮಗುವನ್ನು ಮೊದಲು ಕಾಣುವವರು ಅವರು. ಊಟದ ಡಬ್ಬಿ ಹಾಗೇ ಮರಳಿ ಹೋಗುತ್ತಿದೆ ಎಂದು ಗೊತ್ತಿರುವುದೂ ಅವರಿಗೇ, ಅದೂ ಮಗುವಿನದೇ ಮಾತಿನಲ್ಲಿ. ಮುಂದಿನ ತರಬೇತಿಯ ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ಮೌಶಿಯದಾಗಬೇಕು, ಮತ್ತು ಆ ದಿನದ ಸಂಬಳ ಅವರಿಗೆ ಕಡಿತವಾಗಬಾರದು.