ಪೊಟ್ಟಣದ ಮೇಲಿನ ಮುದ್ರೆ, ಅಡುಗೆಮನೆಯ ಎಚ್ಚರ

1935ರ ಸುಮಾರಿಗೆ ಅಮೆರಿಕದ ಅಟ್ಲಾಂಟಾ ನಗರದಲ್ಲಿದ್ದ ಯೆಹೂದಿ ಧರ್ಮಗುರು ರಬ್ಬಿ ಟೋಬಿಯಾಸ್ ಗೆಫೆನ್ ಅವರನ್ನು ಒಂದು ಪ್ರಶ್ನೆ ಬಿಡದೆ ಹುಡುಕಿಕೊಂಡು ಬರುತ್ತಿತ್ತು: ಯೆಹೂದಿಗಳು ಕೋಕಾ-ಕೋಲಾ ಕುಡಿಯಬಹುದೇ? ಆ ಪಾನೀಯ ಹುಟ್ಟಿದ್ದೇ ಅಟ್ಲಾಂಟಾದಲ್ಲಿ. ಗುಟ್ಟು ಹೊರಗೆ ಬರಕೂಡದೆಂಬ ಷರತ್ತಿನ ಮೇಲೆ ಕಂಪನಿ ಅವರಿಗೆ ತನ್ನ ಪದಾರ್ಥಗಳ ಪಟ್ಟಿ ಕೊಟ್ಟಿತು. ಅದರಲ್ಲಿ ದನದ ಕೊಬ್ಬಿನಿಂದ ತೆಗೆದ ಗ್ಲಿಸರಿನ್ ಇತ್ತು, ಅದೂ ಕೇವಲ ಲವಲೇಶ. ನಿಷಿದ್ಧ ಪದಾರ್ಥ ಒಟ್ಟಿನ ಅರವತ್ತನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಅದು ಇಲ್ಲವೆಂದೇ ಲೆಕ್ಕ ಎಂಬ ರಿಯಾಯಿತಿ ಯೆಹೂದಿ ಶಾಸ್ತ್ರದಲ್ಲಿದೆ. ಆದರೆ ಆ ರಿಯಾಯಿತಿ ಕೈತಪ್ಪಿ ಬಿದ್ದದ್ದಕ್ಕೆ ಮಾತ್ರ, ಬೇಕೆಂದೇ ಬೆರೆಸಿದ್ದಕ್ಕಲ್ಲ. ಗೆಫೆನ್ ಒಪ್ಪಲಿಲ್ಲ. ಕೊನೆಗೆ ಕಂಪನಿಯೇ ಸಸ್ಯಮೂಲದ ಗ್ಲಿಸರಿನ್‌ಗೆ ಬದಲಾಯಿಸಿಕೊಂಡಿತು.

ಬಡ ವಲಸಿಗರ ಆಚಾರವೊಂದು ಬಲಾಢ್ಯ ಕಂಪನಿಯ ಕಾರ್ಖಾನೆಯನ್ನೇ ತಿದ್ದಿತೆಂದು ಈ ಪ್ರಸಂಗವನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಅದೇ ಪ್ರಸಂಗದಲ್ಲಿ ಒಂದು ನಷ್ಟವೂ ನನಗೆ ಕಾಣುತ್ತದೆ. ‘ಇದು ತಿನ್ನಲು ತಕ್ಕದ್ದೇ?’ ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ಉತ್ತರ ಸಿಗುತ್ತಿದ್ದದ್ದು ಒಲೆಯ ಮುಂದೆ. ಇನ್ನು ಮುಂದೆ ಅದಕ್ಕೆ ಪ್ರಯೋಗಾಲಯವೇ ಉತ್ತರ ಹೇಳಬೇಕಾಯಿತು. ಯೆಹೂದಿಗಳ ಆಹಾರನಿಯಮವಾದ ಕೋಷರ್‌ನ ಇಂದಿನ ಆಚರಣೆಯ ಬಲವೂ ದೌರ್ಬಲ್ಯವೂ ಈ ಸ್ಥಳಾಂತರದಲ್ಲೇ ಇವೆ ಎಂಬುದು ನನ್ನ ವಾದ.

‘ಕೋಷರ್’ ಪದದ ಮೂಲವಾದ ‘ಕಾಶೇರ್’ ಎಂಬ ಹೀಬ್ರೂ ಮಾತಿಗೆ ‘ತಕ್ಕದ್ದು’, ‘ಯೋಗ್ಯವಾದದ್ದು’ ಎಂದರ್ಥ. ಬೈಬಲ್ಲಿನ ಯಾಜಕಕಾಂಡದ ಹನ್ನೊಂದನೇ ಅಧ್ಯಾಯ ಮತ್ತು ಧರ್ಮೋಪದೇಶಕಾಂಡದ ಹದಿನಾಲ್ಕನೇ ಅಧ್ಯಾಯಗಳಲ್ಲಿ ಈ ನಿಯಮಗಳ ಬೇರಿದೆ. ಪ್ರಾಣಿಯಾದರೆ ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಹಂದಿಗೆ ಸೀಳುಗೊರಸಿದೆ, ಮೆಲುಕಿಲ್ಲ. ಒಂಟೆ ಮೆಲುಕು ಹಾಕುತ್ತದೆ, ಗೊರಸಿನ ಪರೀಕ್ಷೆಯಲ್ಲಿ ಸೋಲುತ್ತದೆ. ಮೀನಿಗೆ ರೆಕ್ಕೆಯೂ ಪೊರೆಯೂ ಇರಬೇಕು. ಆದ್ದರಿಂದ ಸಿಗಡಿ, ಏಡಿಗಳು ಹೊರಗೆ. ರಕ್ತ ಸರ್ವಥಾ ಸಲ್ಲದು. ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದೆಂಬ ವಿಧಿ ಬೈಬಲ್ಲಿನ ಮೊದಲ ಐದು ಕಾಂಡಗಳಾದ ತೋರಾದಲ್ಲಿ ಮೂರು ಕಡೆ ಬರುತ್ತದೆ. ಆ ಒಂದೇ ವಿಧಿಯನ್ನು ತಲೆಮಾರುಗಳ ರಬ್ಬಿಗಳು ಹಿಗ್ಗಿಸುತ್ತ ಹೋದರು. ಮಾಂಸಕ್ಕೆ ಬೇರೆ ಪಾತ್ರೆ, ಹಾಲಿಗೆ ಬೇರೆ ಪಾತ್ರೆ. ಅನುಕೂಲಸ್ಥರ ಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯೂ ಎರಡು. ಮಾಂಸ ಉಂಡ ಮೇಲೆ ಹಾಲು ಮುಟ್ಟಲು ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ. ಜರ್ಮನ್ ಮೂಲದವರದು ಮೂರು ಗಂಟೆಯ ರೂಢಿ, ಡಚ್ಚರದು ಒಂದೇ ಗಂಟೆ. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಯೋಸೆಫ್ ಕಾರೋನ ಧರ್ಮಸಂಹಿತೆಯ ಹೆಸರು ‘ಶುಲ್ಹಾನ್ ಅರುಖ್’, ಅಂದರೆ ಅಣಿಮಾಡಿಟ್ಟ ಊಟದ ಮೇಜು. ಅದಕ್ಕೆ ಪೋಲೆಂಡಿನ ಮೋಶೆ ಇಸ್ಸರ್ಲೆಸ್ ಬರೆದ ಟಿಪ್ಪಣಿಯ ಹೆಸರು ‘ಮಪ್ಪಾ’, ಅಂದರೆ ಮೇಜಿನ ಮೇಲೆ ಹಾಸುವ ಬಟ್ಟೆ. ಧರ್ಮಶಾಸ್ತ್ರಕ್ಕೇ ಊಟದ ಮೇಜಿನ ಹೆಸರಿಟ್ಟ ಸಮುದಾಯವಿದು.

ಈ ನಿಯಮಗಳು ಏಕೆ ಎಂಬ ಪ್ರಶ್ನೆ ಹಳೆಯದು. ಹನ್ನೆರಡನೇ ಶತಮಾನದ ಮೈಮೊನಿಡೀಸ್ ಆರೋಗ್ಯ, ಶುಚಿತ್ವಗಳ ಕಾರಣ ಕೊಟ್ಟ. ಮಾಂಸ ಮತ್ತು ಹಾಲಿನ ಬೆರಕೆಯ ಹಿಂದೆ ವಿಗ್ರಹಾರಾಧಕರ ಯಾವುದೋ ಆಚರಣೆ ಇದ್ದಿರಬಹುದೆಂದು ಊಹಿಸಿದ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಗ್ರಂಥದಲ್ಲಿ, ಜಗತ್ತಿನ ವರ್ಗೀಕರಣದಲ್ಲಿ ಯಾವ ಗುಂಪಿಗೂ ಸರಿಯಾಗಿ ಹೊಂದದ ಪ್ರಾಣಿಗಳೇ ನಿಷಿದ್ಧವಾದವು ಎಂದರು. ಮುಂದೆ ತಾವೇ ಆ ವಾದವನ್ನು ತಿದ್ದಿಕೊಂಡರು. ಈ ವಿವರಣೆಗಳೆಲ್ಲ ಹಂದಿಯಲ್ಲೋ ಸಿಗಡಿಯಲ್ಲೋ ಏನೋ ದೋಷ ಹುಡುಕುತ್ತವೆ. ಉಣ್ಣುವವನ ಕಡೆಗೆ ತಿರುಗಿ ನೋಡಿದರೆ ನಿಯಮದ ಅರ್ಥ ಹೆಚ್ಚು ತಿಳಿಯಾಗುತ್ತದೆ ಎಂದು ನನಗನ್ನಿಸುತ್ತದೆ. ಹಸಿವು ಮತ್ತು ತುತ್ತಿನ ನಡುವೆ ಅದೊಂದು ಕ್ಷಣದ ತಡೆ ಒಡ್ಡುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ನನ್ನದಲ್ಲ, ಕೊಲ್ಲಬಹುದಾದದ್ದನ್ನೆಲ್ಲ ಕೊಲ್ಲುವ ಹಕ್ಕು ನನಗಿಲ್ಲ ಎಂಬ ಅರಿವನ್ನು ಅದು ದಿನಕ್ಕೆ ಮೂರು ಸಲ ಮೈಗೆ ಕಲಿಸುತ್ತದೆ. ನಂಬಿಕೆ ಸಡಿಲವಾದ ದಿನವೂ ಅಭ್ಯಾಸ ಉಳಿದಿರುತ್ತದೆ. ದೇಶವಿಲ್ಲದೆ, ದೇವಾಲಯವಿಲ್ಲದೆ ಎರಡು ಸಾವಿರ ವರ್ಷ ಅಲೆದ ಜನ ತಮ್ಮತನವನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರು ಎಂದು ಕೇಳಿದರೆ, ಅಡುಗೆಮನೆಯ ಪಾತ್ರೆಗಳ ನಡುವೆ ಎಂದರೆ ತಪ್ಪಾಗದು.

ಆ ಅಡುಗೆಮನೆಯ ಕೆಲಸ ಹಗುರವಾದದ್ದಲ್ಲ. ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಹಾಕಬೇಕು. ಆಮೇಲೆ ಹರಳುಪ್ಪು ಸವರಿ, ರಕ್ತ ಇಳಿದುಹೋಗುವಂತೆ ಓರೆ ಹಲಗೆಯ ಮೇಲೆ ಒಂದು ಗಂಟೆ ಇಡಬೇಕು. ಅನಂತರ ಮೂರು ಸಲ ತೊಳೆಯಬೇಕು. ರಕ್ತ ತುಂಬಿರುವ ಪಿತ್ತಜನಕಾಂಗಕ್ಕೆ ಉಪ್ಪು ಸಾಲದು, ಅದನ್ನು ಬೆಂಕಿಯಲ್ಲೇ ಸುಡಬೇಕು. ಸೊಪ್ಪಿನ ಎಲೆ ಎಲೆ ಬಿಡಿಸಿ ಹುಳ ನೋಡಬೇಕು. ಇದನ್ನೆಲ್ಲ ಮಗಳು ಪುಸ್ತಕದಿಂದ ಕಲಿಯುತ್ತಿರಲಿಲ್ಲ, ತಾಯಿಯ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಳು. ಈ ಅಧಿಕಾರ ಹೆಂಗಸರ ಕೈಯಲ್ಲಿತ್ತು ಎಂಬುದಕ್ಕೆ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ 1902ರ ಮೇ ತಿಂಗಳಲ್ಲಿ ನಡೆದ ಬಹಿಷ್ಕಾರವೇ ಸಾಕ್ಷಿ. ಕೋಷರ್ ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18ಕ್ಕೆ ಏರಿದಾಗ ವಲಸಿಗ ಗೃಹಿಣಿಯರು ಬೀದಿಗಿಳಿದರು, ಅಂಗಡಿಗಳ ಮಾಂಸವನ್ನು ರಸ್ತೆಗೆ ಎಸೆದರು, ಜೈಲಿಗೂ ಹೋದರು. ಕೋಷರ್ ಎಂದರೆ ಏನು, ಅದಕ್ಕೆ ಎಷ್ಟು ಬೆಲೆ ನ್ಯಾಯ ಎಂದು ಹೇಳುವ ಹಕ್ಕು ತಮಗಿದೆಯೆಂದು ಅವರು ನಂಬಿದ್ದರು.

ಇತಿಹಾಸಕಾರ ಹೈಮ್ ಸೊಲೊವೆಯ್ಚಿಕ್ 1994ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಜಗತ್ತಿನ ಅಳಿವನ್ನು ಗುರುತಿಸಿದರು. ನೋಡಿ ಕಲಿಯುವ ಪರಂಪರೆ ಹೋಗಿ ಗ್ರಂಥ ನೋಡಿ ನಡೆಯುವ ಪರಂಪರೆ ಬಂತು, ತಾಯಿಯ ಅಡುಗೆಮನೆ ತನ್ನ ಪ್ರಾಮಾಣ್ಯ ಕಳೆದುಕೊಂಡಿತು ಎಂಬುದು ಅವರ ವಾದದ ಒಂದು ಎಳೆ. ಗ್ರಂಥದ ಜೊತೆಗೆ ಕಾರ್ಖಾನೆಯ ಮುದ್ರೆಯನ್ನೂ ಸೇರಿಸಬೇಕು. 1920ರ ದಶಕದಲ್ಲಿ ಹೈಂಜ್ ಕಂಪನಿಯ ಬೀನ್ಸ್ ಡಬ್ಬಿಯ ಮೇಲೆ ಬಂದ ವೃತ್ತದೊಳಗಿನ ‘ಯು’ ಅಕ್ಷರ, ಅಂದರೆ ಆರ್ಥೊಡಾಕ್ಸ್ ಯೂನಿಯನ್ ಸಂಸ್ಥೆಯ ಗುರುತು, ಇಂದು ಪ್ರಪಂಚದಾದ್ಯಂತ ಅಂಗಡಿಗಳ ಕಪಾಟಿನಲ್ಲಿದೆ. ಭಾರತದ ಮಸಾಲೆ, ರಾಸಾಯನಿಕ ಕಾರ್ಖಾನೆಗಳಿಗೂ ರಬ್ಬಿಗಳು ಪರಿಶೀಲನೆಗೆ ಬರುತ್ತಾರೆ.

ಇದರಿಂದಾದ ಒಳಿತನ್ನು ಒಪ್ಪಲೇಬೇಕು. ತಿಮೊಥಿ ಲಿಟ್ಟನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದಂತೆ, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೋಷರ್ ಮಾಂಸದ ವ್ಯಾಪಾರದಲ್ಲಿ ಮೋಸ ಹಾಸುಹೊಕ್ಕಾಗಿತ್ತು. ಒಂದರ ಮೇಲೊಂದು ಕಣ್ಣಿಟ್ಟ ಖಾಸಗಿ ಸಂಸ್ಥೆಗಳು ಅದಕ್ಕೊಂದು ವಿಶ್ವಾಸಾರ್ಹ ವ್ಯವಸ್ಥೆ ಕಟ್ಟಿದವು. ಕಚೇರಿಯಲ್ಲಿ ದುಡಿಯುವ, ಊರೂರು ತಿರುಗುವ ಯೆಹೂದಿಗೆ ಈ ಮುದ್ರೆ ದೊಡ್ಡ ಆಸರೆ. ವಿಮಾನದಲ್ಲಿ ಎರಡು ಸುತ್ತು ಮುಚ್ಚಿಟ್ಟ ಊಟ ಬರುತ್ತದೆ. ಬೇರೆಯವರ ಒಲೆಯಲ್ಲಿ ಬಿಸಿ ಮಾಡಿದರೂ ಅದು ಕೆಡುವುದಿಲ್ಲ. ಮನೆಯಲ್ಲಿ ಕಟ್ಟುನಿಟ್ಟು, ಹೊರಗೆ ಸಸ್ಯಾಹಾರ ಎಂಬ ಮಧ್ಯದ ದಾರಿ ಹಿಡಿದವರೂ ಬಹಳ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ ದೋಸೆ, ಇಡ್ಲಿಯ ಸಸ್ಯಾಹಾರಿ ಹೋಟೆಲುಗಳು ಕೋಷರ್ ಪ್ರಮಾಣಪತ್ರ ಪಡೆದಿರುವುದು ಇಂಥವರಿಗಾಗಿಯೇ.

ಆ ಹೋಟೆಲುಗಳ ಅಡುಗೆಮನೆ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಯೆಹೂದಿಯಲ್ಲದವರು ಬೇಯಿಸಿದ್ದು ಸಲ್ಲದೆಂಬ ರಬ್ಬಿಗಳ ನಿಯಮವಿರುವುದರಿಂದ, ಇಂಥ ಕಡೆ ಒಲೆಯನ್ನಾದರೂ ಯೆಹೂದಿಯೊಬ್ಬರು ಹೊತ್ತಿಸಬೇಕಾಗುತ್ತದೆ. ಮಡಿ, ಮುಸುರೆ, ಎಂಜಲುಗಳ ನಡುವೆ ಬೆಳೆದ, ಯಾರು ಮುಟ್ಟಿದರು ಎಂಬ ಮಾತು ಎಷ್ಟು ಕ್ರೂರವಾಗಬಲ್ಲದೆಂದು ಕಂಡ ಕನ್ನಡಿಗನಿಗೆ ಇಲ್ಲಿ ಮನಸ್ಸು ಚುಚ್ಚುತ್ತದೆ. ಎರಡೂ ಒಂದೇ ಎನ್ನಲಾರೆ. ನಮ್ಮಲ್ಲಿ ಮೇಲಿದ್ದವರು ಕೆಳಗಿನವರನ್ನು ದೂರವಿಡಲು ಗೆರೆ ಎಳೆದರು. ಅಲ್ಲಿ ಸಣ್ಣ ಸಮುದಾಯವೊಂದು ದೊಡ್ಡ ಸಮಾಜದಲ್ಲಿ ಕರಗಿಹೋಗದಿರಲು ತನ್ನ ಸುತ್ತ ಬೇಲಿ ಹಾಕಿಕೊಂಡಿತು. ಆದರೂ ಜೊತೆಗೆ ಕೂತು ಉಣ್ಣುವುದೇ ಸ್ನೇಹದ ಮೊದಲ ಮೆಟ್ಟಿಲಾಗಿರುವಾಗ ಈ ಬೇಲಿಗೆ ತೆರಬೇಕಾದ ಬೆಲೆ ಕಡಿಮೆಯದಲ್ಲ. ಕೋಷರ್ ಪಾಲನೆಯನ್ನು ಮೆಚ್ಚುವವರು ಈ ಬೆಲೆಯನ್ನು ಮರೆಮಾಚಬಾರದು.

ನನ್ನ ದೊಡ್ಡ ಆಕ್ಷೇಪ ಬೇರೆ ಕಡೆಗಿದೆ. ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಅಗ್ರಿಪ್ರೊಸೆಸರ್ಸ್ ಎಂಬ ಕೋಷರ್ ಕಸಾಯಿಖಾನೆಯಿತ್ತು, ಅಮೆರಿಕದಲ್ಲೇ ಅತಿ ದೊಡ್ಡದು. 2004ರಲ್ಲಿ ಪ್ರಾಣಿದಯಾ ಕಾರ್ಯಕರ್ತರು ಅಲ್ಲಿನ ವಧೆಯ ಘೋರ ದೃಶ್ಯಗಳನ್ನು ಹೊರಗೆಡಹಿದರು. 2008ರ ಮೇ 12ರಂದು ವಲಸೆ ಅಧಿಕಾರಿಗಳು ದಾಳಿಯಿಟ್ಟು 389 ಕಾರ್ಮಿಕರನ್ನು ಬಂಧಿಸಿದರು. ಹೆಚ್ಚಿನವರು ಗ್ವಾಟೆಮಾಲಾದ ಬಡವರು. ಅಪ್ರಾಪ್ತರನ್ನು ದುಡಿಸಿಕೊಂಡ ಆರೋಪವೂ ಬಂತು. ಆ ಆರೋಪದಿಂದ ಮುಖ್ಯಸ್ಥ ಖುಲಾಸೆಯಾದ, ಬ್ಯಾಂಕಿಗೆ ಮಾಡಿದ ವಂಚನೆಗಾಗಿ ಜೈಲಿಗೆ ಹೋದ. ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಮಾಂಸದ ಮೇಲೆ ಮುದ್ರೆ ಬೀಳುತ್ತಲೇ ಇತ್ತು. ಕತ್ತಿಯ ಅಲಗಿನಲ್ಲಿ ಕೂದಲೆಳೆಯಷ್ಟು ಮುಕ್ಕಿದ್ದರೂ ಪ್ರಾಣಿ ನಿಷಿದ್ಧವಾಗುತ್ತದೆ. ಶ್ವಾಸಕೋಶ ನುಣುಪಾಗಿದೆಯೇ ಎಂದು ಕೈಯಾಡಿಸಿ ನೋಡುತ್ತಾರೆ. ಆ ಕೈ ಕತ್ತಿ ಹಿಡಿದು ದುಡಿಯುವ ಮನುಷ್ಯನ ಕಡೆಗೆ ಚಾಚಲಿಲ್ಲ.

ಆಹಾರದ ವಿಧಿ ಬೇರೆ, ಕೂಲಿಯ ನ್ಯಾಯ ಬೇರೆ, ಎರಡನೆಯದನ್ನು ನೋಡಿಕೊಳ್ಳಲು ಸರ್ಕಾರವಿದೆ ಎಂದು ಸಮರ್ಥಕರು ಹೇಳುತ್ತಾರೆ. ಇದಕ್ಕೆ ಉತ್ತರ ಅವರ ಪರಂಪರೆಯಲ್ಲೇ ಇದೆ. ಸೀಳುಗೊರಸಿನ ಮಾತಾಡುವ ಧರ್ಮೋಪದೇಶಕಾಂಡವೇ, ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ವಿಧಿಸುತ್ತದೆ. ಹತ್ತೊಂಬತ್ತನೇ ಶತಮಾನದ ಲಿಥುವೇನಿಯಾದ ರಬ್ಬಿ ಇಸ್ರೇಲ್ ಸಲಾಂಟರ್ ಬಗ್ಗೆ ಒಂದು ಕಥೆ ಹೇಳುತ್ತಾರೆ. ಪಸ್ಕಹಬ್ಬದ ಹುಳಿಯಿಲ್ಲದ ರೊಟ್ಟಿ ತಯಾರಾಗುವ ಕಡೆ ಯಾವುದರ ಬಗ್ಗೆ ಹೆಚ್ಚು ಎಚ್ಚರ ಬೇಕೆಂದು ಶಿಷ್ಯರು ಕೇಳಿದರಂತೆ. ಹಿಟ್ಟು ನಾದುವ ವಿಧವೆಯರ ಬಗ್ಗೆ, ಅವರ ಮೇಲೆ ಯಾರೂ ರೇಗದಂತೆ ನೋಡಿಕೊಳ್ಳುವ ಬಗ್ಗೆ ಎಂದರಂತೆ ಸಲಾಂಟರ್. ಪೋಸ್ಟ್‌ವಿಲ್ ಪ್ರಕರಣದ ಸುತ್ತ ಈ ಕಥೆಯ ಅಂತಃಕರಣವಿರುವ ರಬ್ಬಿಗಳು ಮುಂದೆ ಬಂದರು. ಕಾರ್ಮಿಕರ ಕೂಲಿಯನ್ನೂ ಸುರಕ್ಷೆಯನ್ನೂ ನೋಡುವ ‘ಮಾಗೆನ್ ಟ್ಸೆಡೆಕ್’ ಎಂಬ ಹೊಸ ಮುದ್ರೆ ತರಲು ಹೆಣಗಿದರು. ಮಾರುಕಟ್ಟೆಯಲ್ಲಿ ಅದು ಬೇರೂರಲಿಲ್ಲ.

ಮುದ್ರೆ ಪದಾರ್ಥವನ್ನಷ್ಟೇ ನೋಡಬಲ್ಲದು ಎಂಬ ವಾದವನ್ನು ಮುದ್ರೆ ಒತ್ತುವವರೇ ಒಮ್ಮೆ ಮುರಿದಿದ್ದಾರೆ. 2021ರಲ್ಲಿ ಇಂಪಾಸಿಬಲ್ ಫುಡ್ಸ್ ಕಂಪನಿ ಸೋಯಾದಿಂದ ಮಾಡಿದ ‘ಹಂದಿಮಾಂಸ’ವನ್ನು ತಂದಿತು. ಅದರಲ್ಲಿದ್ದ ಪದಾರ್ಥಗಳೆಲ್ಲ ಕೋಷರ್. ಆದರೂ ಹಂದಿಯ ಹೆಸರು ಹೊತ್ತದ್ದನ್ನು ತಮ್ಮ ಜನರ ಮನಸ್ಸು ಒಪ್ಪದೆಂದು ಆರ್ಥೊಡಾಕ್ಸ್ ಯೂನಿಯನ್ ಪ್ರಮಾಣಪತ್ರ ನಿರಾಕರಿಸಿತು. ಆ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ಊಟದಲ್ಲಿ ರಸಾಯನಶಾಸ್ತ್ರಕ್ಕೆ ಮೀರಿದ್ದೇನೋ ಇದೆ ಎಂಬ ಒಪ್ಪಿಗೆ ಅದರಲ್ಲಿದೆ. ಆದರೆ ಒಂದು ಹೆಸರಿನಿಂದ ಆಹಾರ ಅಯೋಗ್ಯವಾಗುವುದಾದರೆ, ಹದಿಹರೆಯದ ಹುಡುಗನೊಬ್ಬನ ರಾತ್ರಿಪಾಳಿಯ ದಣಿವಿನಿಂದ ಏಕಾಗಬಾರದು?

ನೂರಾರು ವರ್ಷ ಮುದ್ರೆಯಿಲ್ಲದೆ, ರಬ್ಬಿಯಿಲ್ಲದೆ ಈ ಆಚಾರ ಬದುಕಿದ್ದಕ್ಕೆ ನಮ್ಮ ಪಡುವಣ ಕರಾವಳಿಯೇ ಸಾಕ್ಷಿ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಎಂಬ ಯೆಹೂದಿ ಜನರನ್ನು, ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ, ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು. ಡೇವಿಡ್ ರಹಾಬಿ ಎಂಬ ಯೆಹೂದಿ ಅಲ್ಲಿಗೆ ಬಂದು, ಇವರು ತನ್ನವರೇ ಎಂದು ಪರೀಕ್ಷಿಸಲು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟನೆಂದು ಐತಿಹ್ಯ. ಅವರು ರೆಕ್ಕೆ, ಪೊರೆಗಳಿದ್ದ ಮೀನುಗಳನ್ನು ಆರಿಸಿಕೊಂಡು ಉಳಿದವನ್ನು ಬದಿಗಿಟ್ಟರು. ಅವರ ಬಳಿ ಗ್ರಂಥವಿರಲಿಲ್ಲ. ಏನನ್ನು ಬದಿಗಿಡಬೇಕೆಂದು ಅವರ ಬೆರಳುಗಳಿಗೆ ಗೊತ್ತಿತ್ತು. ಇಂದು ಪೊಟ್ಟಣದ ಮುದ್ರೆ ನೋಡಿ ಬುಟ್ಟಿಗೆ ಹಾಕಿಕೊಳ್ಳುವ ಕೈಗೂ ಬದಿಗಿಡಬೇಕಾದದ್ದು ಕೆಲವಿದೆ: ನೊಂದು ಸತ್ತ ಪ್ರಾಣಿ, ಕೂಲಿ ದಕ್ಕದವನ ಬೆವರು. ಅವನ್ನೂ ಗುರುತಿಸಿ ಬದಿಗಿಡಬಲ್ಲವರ ಊಟಕ್ಕೆ ‘ತಕ್ಕದ್ದು’ ಎಂಬ ಹಳೆಯ ಮಾತು ಪೂರ್ತಿಯಾಗಿ ಸಲ್ಲುತ್ತದೆ.