‘ಭೂಮಿ’ ಯೋಜನೆಯ ಎರಡನೇ ಪರದೆ

ಕರ್ನಾಟಕದ ‘ಭೂಮಿ’ ಯೋಜನೆಗೆ ಸಂದ ಕೀರ್ತಿ ದೊಡ್ಡದು, ಅದು ಸಂದ ಕಾರಣ ಮಾತ್ರ ಸರಿಯಾದುದಲ್ಲ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು, ಅಂದರೆ ಜಮೀನಿನ ಹಕ್ಕು ದಾಖಲೆಗಳು, ಕಂಪ್ಯೂಟರಿಗೆ ಏರಿದ್ದು, ಅದಕ್ಕೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವ, ವಿಶ್ವಬ್ಯಾಂಕಿನ ಮೆಚ್ಚುಗೆ ಎಲ್ಲವೂ ಬಲ್ಲವರಿಗೆ ಗೊತ್ತಿರುವ ಸಂಗತಿಗಳೇ. ಯೋಜನೆಯನ್ನು ಹೊಗಳುವವರು ತಾಲ್ಲೂಕು ಕಚೇರಿಯ ಮುಂದೆ ನಿಂತ ರೈತರ ಸಾಲನ್ನೇ ಜನರ ವಿಶ್ವಾಸವೆಂದು ಲೆಕ್ಕ ಹಿಡಿದರು. ಆದರೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿಬಿಟ್ಟಿತ್ತು. ಬೆಳೆಸಾಲಕ್ಕೂ ಕೋರ್ಟಿಗೂ ಪಹಣಿ ಬೇಕೇ ಬೇಕು. ಬೇರೆಲ್ಲೂ ಸಿಗದ ಕಾಗದಕ್ಕಾಗಿ ಸಾಲು ನಿಂತವರು ವ್ಯವಸ್ಥೆಯನ್ನು ನಂಬಿದ್ದರೆಂದು ಹೇಳಲು ಆಧಾರವಿಲ್ಲ.

ನಂಬಿಕೆಗೆ ನಿಜವಾಗಿ ಎಡೆಮಾಡಿದ್ದು ವರದಿಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಏರ್ಪಾಡು. ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುವ ಕಿಯಾಸ್ಕಿನಲ್ಲಿ ಆಪರೇಟರ್ ನೋಡುವ ಪರದೆಯಲ್ಲದೆ ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು. ಸರ್ವೆ ನಂಬರ್ ಹಾಕಿದ ಕೂಡಲೇ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಸಾಲ ನಮೂದಾಗಿದೆ ಎಂಬುದು ಇಬ್ಬರಿಗೂ ಒಟ್ಟಿಗೇ ಕಾಣುತ್ತಿತ್ತು. ಅದುವರೆಗೆ ಪಹಣಿ ಪುಸ್ತಕ ಗ್ರಾಮಲೆಕ್ಕಿಗನ ವಶದಲ್ಲಿತ್ತು. ಅವನು ಓದಿ ಹೇಳಿದ್ದೇ ದಾಖಲೆ. ಕಿಯಾಸ್ಕ್ ಬಂದ ಮೇಲೆ ಅಕ್ಷರ ಬಾರದವನೂ ಪಕ್ಕದಲ್ಲಿ ನಿಂತವರಿಂದ ಓದಿಸಿಕೊಂಡು, ತಂದೆಯ ಹೆಸರು ತಪ್ಪಿದ್ದರೆ ಅಲ್ಲೇ ತಕರಾರು ಎತ್ತಬಹುದಿತ್ತು. ಆಗಿನ ಶುಲ್ಕ 15 ರೂಪಾಯಿ. ಕಡಿಮೆ ಖರ್ಚು ಮುಖ್ಯವೇ, ಆದರೆ ದಾಖಲೆಯನ್ನು ಅಧಿಕಾರಿಯ ಜೊತೆಗೇ ನೋಡುವ ಹಕ್ಕು ಅದಕ್ಕಿಂತ ಹೆಚ್ಚಿನದು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ, ಸಿಬ್ಬಂದಿಯ ಬೆರಳಚ್ಚಿನ ಲಾಗಿನ್ ಇವೂ ಇದೇ ದಿಕ್ಕಿನ ಹೆಜ್ಜೆಗಳು.

ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಟೀಕೆ ಇನ್ನೊಂದು ತುದಿಗೆ ಹೋಯಿತು. ದಾಖಲೆ ಒಂದೆಡೆ ಸೇರಿದರೆ ದೊಡ್ಡ ಭೂವ್ಯಾಪಾರಿಗಳಿಗೆ ಅನುಕೂಲ ಎಂಬ ಅವರ ಎಚ್ಚರಿಕೆ ತೂಕದ್ದು, ಹೊಗಳುವವರು ಇದಕ್ಕೆ ಸರಿಯಾದ ಉತ್ತರ ಕೊಟ್ಟಿಲ್ಲ. ಆದರೆ ಬೆಂಗಳೂರಿನ ಅಂಚಿನ ಜಮೀನಿಗೆ ಹೊಂದುವ ಮಾತು ಕಲಬುರಗಿಯ ಒಣಬೇಸಾಯದ ರೈತನಿಗೆ ಹಾಗೇ ಹೊಂದುವುದಿಲ್ಲ. ಅವನಿಗೆ ಬೇಕಾದದ್ದು ತೊಗರಿಗೆ ಸಾಲ ಕೊಡಿಸುವ ಪಹಣಿ. ಅಧಿಕಾರದ ನಕ್ಷೆ ಬಿಡಿಸುವ ಭರದಲ್ಲಿ ಈ ವಿಮರ್ಶಕರಿಗೂ ಕಿಯಾಸ್ಕಿನ ಕೌಂಟರ್ ಕಾಣಲಿಲ್ಲ.

ಮುಂದೆ ಪಹಣಿ ಅಂತರ್ಜಾಲಕ್ಕೆ ಬಂತು. ಸ್ವತಃ ತೆಗೆದುಕೊಳ್ಳಬಲ್ಲವರಿಗೆ ಇದು ದೊಡ್ಡ ಬಿಡುಗಡೆ. ಉಳಿದವರು ಹೋಗುವುದು ಸೈಬರ್ ಸೆಂಟರಿಗೆ, ಅಲ್ಲಿ ಪರದೆ ಅಂಗಡಿಯವನ ಕಡೆಗೇ ತಿರುಗಿರುತ್ತದೆ. ಪುಟ ಎಷ್ಟು ಸಲ ತೆರೆಯಿತೆಂಬ ಎಣಿಕೆಯಲ್ಲಿ ಈ ಎರಡು ಬಗೆಯವರೂ ಒಂದೇ. ಪರದೆಗೆ ನಿಲುಕದ್ದೂ ಒಂದಿದೆ. ವಾರಸುದಾರರಿಗೆ ಪೌತಿ ಖಾತೆ ಆಗದೆ, ತೀರಿಕೊಂಡವರ ಹೆಸರಲ್ಲೇ ಉಳಿದ ಜಮೀನಿನ ಪಹಣಿ ಕ್ಷಣದಲ್ಲಿ ಮುದ್ರಣವಾಗುತ್ತದೆ. ವಾರಸುದಾರರ ಹೆಸರು ಸೇರಬೇಕಾದರೆ ವಂಶವೃಕ್ಷ, ನೋಟಿಸು, ತಕರಾರಿದ್ದರೆ ಅದರ ವಿಚಾರಣೆ, ಕಂದಾಯ ಅಧಿಕಾರಿಯ ಆದೇಶ ಎಲ್ಲವೂ ಆಗಬೇಕು.