ಬಣ್ಣಕ್ಕೆ ಮುಂಚಿನ ಪದಚ್ಛೇದ

ನ್ಯೂಜೆರ್ಸಿಯ ಸೀಕಾಕಸ್ ಜಂಕ್ಷನ್ ರೈಲು ನಿಲ್ದಾಣದ ಬೆಂಚುಗಳ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತವರು ಕಡಿಮೆಯಿಲ್ಲ. ಹಸಿರು, ಇಟ್ಟಿಗೆಗೆಂಪು, ಬೂದು ಬಣ್ಣಗಳ ಕೋಡ್ ನೋಡಲು ಚೆಂದವೇ. ಆದರೆ ರಸಿಕರು ನೋಡಬೇಕಾದ್ದು ಬಣ್ಣದ ಹಿಂದೆ ಕೋಡನ್ನು ತುಂಡುತುಂಡಾಗಿ ಬಿಡಿಸುವ ಲೆಕ್ಸರ್ ಕ್ಲಾಸನ್ನು. ಗಮಕಿಗಳು ಹಳಗನ್ನಡ ಪದ್ಯವನ್ನು ಮೊದಲು ಪದಪದವಾಗಿ ಬಿಡಿಸಿಕೊಳ್ಳುತ್ತಾರಲ್ಲ, ಅದೇ ಕೆಲಸ ಇದರದ್ದು. ಅರ್ಥದ ಗೊಡವೆ ಮಾತ್ರ ಇದಕ್ಕಿಲ್ಲ.

ಅಭ್ಯಾಸಕ್ಕೆ ಪಿಗ್ಮೆಂಟ್ಸ್ ಒಳ್ಳೆಯದು. ಗೆಯಾರ್ಗ್ ಬ್ರಾಂಡ್ಲ್ ಶುರುಮಾಡಿದ, ಕೋಡಿಗೆ ಬಣ್ಣ ಹಚ್ಚುವ ಈ ಪೈಥಾನ್ ಲೈಬ್ರರಿ 2006ರಿಂದ ಬಳಕೆಯಲ್ಲಿದೆ. ಅದರಲ್ಲಿನ ಯಾವುದಾದರೂ ಸಣ್ಣ ಲೆಕ್ಸರ್ ತೆಗೆದು ‘ಟೋಕನ್ಸ್’ ಭಾಗ ಓದಿ. ಪ್ರತಿ ಸಾಲಿನಲ್ಲೂ ಒಂದು ಪ್ಯಾಟರ್ನ್ (ರೆಜೆಕ್ಸ್), ಅದಕ್ಕೆ ಸಿಕ್ಕಿದ್ದಕ್ಕೆ ಇಡುವ ಹೆಸರು: ಕೀವರ್ಡ್, ಸ್ಟ್ರಿಂಗ್, ಕಾಮೆಂಟ್. ಇಲ್ಲಿ ಉದ್ದದ ಪದಕ್ಕೆ ಮರ್ಯಾದೆಯಿಲ್ಲ, ಮೊದಲು ಹೊಂದಿದ ಸಾಲೇ ಗೆಲ್ಲುತ್ತದೆ. ‘ಇನ್’ ಕೀವರ್ಡಿಗೆ ಪದದ ಗಡಿ ಹಾಕಲು ಮರೆತರೆ ‘ಇನ್‌ವಾಯ್ಸ್’ ಎಂಬ ಹೆಸರಿನ ತಲೆಗಷ್ಟೇ ಬಣ್ಣ ಬೀಳುತ್ತದೆ. ಬರೆದವರ ಕೈ ಪಳಗಿದೆಯೋ ಇಲ್ಲವೋ ಸಾಲುಗಳ ಕ್ರಮದಲ್ಲೇ ತಿಳಿಯುತ್ತದೆ.

ಇನ್ನು ಸ್ಟೇಟ್‌ಗಳು, ಅಂದರೆ ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಸಾಲುಗಳ ಪಟ್ಟಿಗಳು. ನ್ಯೂಯಾರ್ಕಿನಿಂದ ಬಂದು ಬರ್ಗನ್ ಕಡೆ ಹೋಗುವವರು ಸೀಕಾಕಸ್ ಜಂಕ್ಷನ್ನಿನಲ್ಲಿ ಮೇಲಿನ ಹಳಿಯಿಂದ ಕೆಳಗಿನ ಹಳಿಗೆ ಇಳಿಯುತ್ತಾರೆ, ಮರಳುವಾಗ ಹತ್ತುತ್ತಾರೆ. ಉದ್ಧರಣ ಚಿಹ್ನೆ ಕಂಡೊಡನೆ ಲೆಕ್ಸರ್ ಕೂಡ ಹಾಗೇ ಸ್ಟ್ರಿಂಗ್ ಸ್ಟೇಟಿಗೆ ಇಳಿಯುತ್ತದೆ. ಅಲ್ಲಿ ‘ಇಫ್’ ಬಂದರೂ ಅದು ಬರೀ ಅಕ್ಷರ. ಮುಚ್ಚುವ ಚಿಹ್ನೆ ಬಂದಾಗ ‘ಪಾಪ್’, ಹಳೆಯ ಹಳಿಗೆ. ರಸ್ಟ್, ಹ್ಯಾಸ್ಕೆಲ್‌ಗಳಲ್ಲಿ ಕಾಮೆಂಟಿನೊಳಗೆ ಕಾಮೆಂಟ್ ಇರಬಹುದು. ಎಷ್ಟು ಮೆಟ್ಟಿಲು ಇಳಿದಿತ್ತೋ ಅಷ್ಟನ್ನೂ ಹತ್ತಬೇಕು.

ಯಾವ ಸಾಲಿಗೂ ಹೊಂದದ ಅಕ್ಷರ ಬಂದರೆ ಅದಕ್ಕೆ ‘ಎರರ್’ ಎಂಬ ಹೆಸರು. ಪಿಗ್ಮೆಂಟ್ಸಿನ ಮಾಮೂಲಿ ಶೈಲಿಯಲ್ಲಿ ಸುತ್ತ ಕೆಂಪು ಚೌಕ. ನನಗೆ ಮೋಜು ಕೊಡುವ ಪರೀಕ್ಷೆ ಇಲ್ಲೇ ಇದೆ. ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ಕನ್ನಡದಲ್ಲೇ ಹೆಸರಿಡಬಹುದು. ‘ಅಕ್ಕಿ = 40’ ಎಂದು ಬರೆಯಿರಿ. ಹೆಸರಿನ ಪ್ಯಾಟರ್ನ್ ಬರೀ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳಿಗೆ ಹೊಂದುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್’ ಆಗಿದ್ದರೆ ಪದ ಚೂರಾಗುತ್ತದೆ: ‘ಅಕ’ ಒಂದು ಹೆಸರು, ಹಲಂತಕ್ಕೆ ಕೆಂಪು ಚೌಕ, ‘ಕ’ ಇನ್ನೊಂದು ಹೆಸರು, ಗುಡಿಸಿಗೆ ಮತ್ತೊಂದು ಚೌಕ. ಪೈಥಾನಿನ ರೆಜೆಕ್ಸ್ ಲೆಕ್ಕದಲ್ಲಿ ನಮ್ಮ ಗುಣಿತ ಚಿಹ್ನೆಗಳು ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ!

ಪಿಗ್ಮೆಂಟ್ಸಿನ ಪೈಥಾನ್ ಲೆಕ್ಸರ್ ಈ ಗುಂಡಿಗೆ ಬೀಳುವುದಿಲ್ಲ. ಹೆಸರಿನಲ್ಲಿ ಬರಬಹುದಾದ ಯುನಿಕೋಡ್ ಅಕ್ಷರಗಳ ಪಟ್ಟಿಯನ್ನೇ ಅದು ಪ್ಯಾಟರ್ನಿಗೆ ಹೊಲಿದುಕೊಂಡಿದೆ. ಅಕ್ಕಿ ಅಲ್ಲಿ ಇಡಿಯಾಗಿ ಉಳಿಯುತ್ತದೆ.